ಕಡಲಿನ ದನಗಾಹಿ
ಕೊಲ್ಲಿಯ ದಡದ ಊರು ಸಾನ್ ಫೆಲಿಪೆಯ ನಿಕಾನೋರ್ ಮುದುಕ ಸಮುದ್ರದಲ್ಲಿ ದನ ಕಾಯುತ್ತಾನೆ. ಆ ದನ ವಿಜ್ಞಾನಿಗಳಿಗೆ ಡಾಲ್ಫಿನ್ನಿನಂಥ ಕಡಲಹಂದಿ. ಊರವರಿಗೆ ವಾಕೀತಾ, ಅಂದರೆ ಪುಟ್ಟ ಹಸು. ಕಣ್ಣಿಗೆ ಕಾಡಿಗೆ ತೀಡಿದಂತಿರುವ ಈ ಜಾತಿ ಲೋಕದಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು, ಅದೂ ಈ ಕೊಲ್ಲಿಯಲ್ಲೇ. ಅವುಗಳ ಉಸಿರು ಕಟ್ಟಿಸುವ ಕಳ್ಳಬಲೆಗಳನ್ನು ಕೊಕ್ಕೆ ಹಾಕಿ ಎಳೆಯಲು ಅವನು ದಿನಾ ಮೀಸೆ ತಿರುವಿ, ಬುರಿಟೊ ಬುತ್ತಿ ಕಟ್ಟಿ, ದಿಗ್ವಿಜಯಕ್ಕೆ ಹೊರಟ ಚಕ್ರವರ್ತಿಯಂತೆ ದೋಣಿ ಏರುತ್ತಾನೆ. “ಏನಜ್ಜಾ, ಎಷ್ಟು ಲೀಟರ್ ಕರೆದೆ?” ಎಂದು ದಡದವರು ಛೇಡಿಸಿದರೆ, “ಕರು ಕುಡಿದು ಮಿಕ್ಕಿದ್ರೆ ತಾನೇ ಕಣ್ರೋ!” ಎನ್ನುತ್ತಾನೆ. ಕರುವನ್ನು ಕಂಡವರಂತೂ ಯಾರೂ ಇಲ್ಲ. ಸಿಕ್ಕ ಬಲೆಯಲ್ಲಿ ಅವನು ಮೊದಲು ನೋಡುವುದು ಗಂಟನ್ನು; ಹೆಣೆದ ಕೈ ಯಾರದೆಂದು ಅದೇ ಹೇಳುತ್ತದೆ. ಊರಿಗೆಲ್ಲ ಬಲೆ ಹೆಣೆಯಲು ಕಲಿಸಿದವನು ಅವನೇ. ಮೊನ್ನೆ ಸಿಕ್ಕ ಬಲೆಯಲ್ಲಿದ್ದದ್ದು ಹಿಂದೆಂದೋ ಅವನ ಕೈಯೇ ಹಾಕಿದ್ದ ಗಂಟು. ಅದನ್ನು ಕತ್ತರಿಸುತ್ತಿದ್ದಾಗ ಪಕ್ಕದಲ್ಲೇ ಪುಸ್ಸೆಂದು ಎರಡು ಬೆನ್ನೆದ್ದವು, ದೊಡ್ಡದೊಂದು, ಮೊಳದುದ್ದದ್ದೊಂದು. ಆ ದಿನ ದಡದವರು ಬಾಯಿ ತೆರೆಯುವ ಮೊದಲೇ ಅಜ್ಜ ದೋಣಿಯಿಂದ ಕೂಗಿದ: “ಕರು ಕುಡೀತಿದೆ ಕಣ್ರೋ, ಕುಡೀತಿದೆ!”