ಎರಡನೆಯ ವರದಿ ಬರೆದ ವನಜಾಕ್ಷಿ

ಬೆಳಗಿನ ಆರೂಕಾಲು. ನಾಗಪುರದ ಜನವರಿಯ ಚಳಿ ಇನ್ನೂ ಬಿಟ್ಟಿಲ್ಲ. ಹೆಂಗಸರ ವಾರ್ಡಿನ ಜಗಲಿಯಲ್ಲಿ ಹಂಡೆಯಿಂದ ಚಹಾ ಬಗ್ಗಿಸುತ್ತಿದ್ದಾರೆ. ತೊಂಬತ್ತು ಮಂದಿ ಅಲ್ಯೂಮಿನಿಯಂ ಲೋಟ ಹಿಡಿದು ಸಾಲಾಗಿ ಕೂತಿದ್ದಾರೆ. ಸಾಲಿನ ಹಿಂದಿನಿಂದ ಒಬ್ಬ ಹುಡುಗಿ ಸದ್ದಿಲ್ಲದೆ ನಡೆದು ಬರುತ್ತಾಳೆ. ಮೈಮೇಲೆ ಅಪ್ಪನ ಕಂದು ಸ್ವೆಟರ್, ಕೈಯಲ್ಲಿ ರಟ್ಟು, ಪೆನ್ಸಿಲ್. ಒಬ್ಬೊಬ್ಬರ ಬೆನ್ನ ಹಿಂದೆಯೂ ನಿಂತು ಚಿಟಿಕೆ ಹೊಡೆಯುತ್ತಾಳೆ. ತಲೆ ತಿರುಗಿದರೆ ಕಾಗದದಲ್ಲಿ ಒಂದು ಗೆರೆ, ತಿರುಗದಿದ್ದರೆ ಒಂದು ಸೊನ್ನೆ. ಸೊನ್ನೆ ಬಿದ್ದವರ ಹತ್ತಿರ ನಾಳೆ ಮತ್ತೆ ಬರುತ್ತಾಳೆ, ನಾಡಿದ್ದೂ ಬರುತ್ತಾಳೆ.

ಇವಳು ವನಜಾಕ್ಷಿ. ಇಪ್ಪತ್ತೆರಡು ವರ್ಷ, ಮನಃಶಾಸ್ತ್ರದ ಎಂ.ಎ. ಎರಡನೆಯ ವರ್ಷದ ವಿದ್ಯಾರ್ಥಿನಿ. ಕಳೆದ ಜುಲೈಯಿಂದ, ಅಂದರೆ ೧೯೮೬ರ ಮಳೆಗಾಲದಿಂದ, ಕಾಮಠಿ ರಸ್ತೆಯಾಚೆಯ ಈ ಮಾನಸಿಕ ಆಸ್ಪತ್ರೆಗೆ ತರಬೇತಿಗೆಂದು ಬರುತ್ತಿದ್ದಾಳೆ. ಆಸ್ಪತ್ರೆ ಒಂದು ಧರ್ಮಾರ್ಥ ಮಂಡಳಿಯದು. ಈ ಲೇಖನದಲ್ಲಿ ಅದರ ಹೆಸರು ಹಾಕಬೇಡಿ ಎಂದು ಮಂಡಳಿ ಕೇಳಿಕೊಂಡಿದೆ. ಅವಳಿಗೆ ಸಂಬಳವಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ಕೂರಲು ಸ್ವಂತ ಕುರ್ಚಿಯೂ ಇಲ್ಲ. ಆಳುಗಳು ‘ಕಾಲೇಜ್‌ವಾಲಿ’ ಎನ್ನುತ್ತಾರೆ.

ತಂದೆ ಕಾಶೀನಾಥ ಇಳಕಲ್ಲಿನವರು, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ನಾಗಪುರಕ್ಕೆ ವರ್ಗವಾಗಿ ಬಂದಾಗ ಮಗಳಿಗೆ ಮೂರು ವರ್ಷ. “ಕನ್ನಡ ಮಾತಾಡೂದು ಬರೋಬರ್ ಬರ್ತೈತ್ರಿ. ಓದೂದಂದ್ರ ಬೆರಳಿಟ್ಟು ಓದಬೇಕು,” ಎನ್ನುತ್ತಾಳೆ ಅವಳು. ಐದೂವರೆಯ ಮೊದಲ ಬಸ್ಸು ಹಿಡಿದು, ರೈಲ್ವೆ ಗೇಟಿನ ಹತ್ತಿರ ಇಳಿದು ಒಂದೂವರೆ ಮೈಲಿ ನಡೆಯುತ್ತಾಳೆ. ಡಾಕ್ಟರು ಬರುವುದು ಹತ್ತಕ್ಕೆ. ಅಷ್ಟರೊಳಗಿನ ವಾರ್ಡೇ ನಿಜವಾದ ವಾರ್ಡು ಎಂಬುದು ಅವಳು ಇಲ್ಲಿ ಕಲಿತ ಮೊದಲ ಪಾಠ.

ಮಗಳು ಬ್ಯಾಂಕಿನ ಪರೀಕ್ಷೆ ಕಟ್ಟಲಿ ಎಂಬುದು ಕಾಶೀನಾಥರ ಆಸೆಯಾಗಿತ್ತು. ಮನಸ್ಸಿನ ಕೆಲಸ ತನಗೆ ಒಗ್ಗುತ್ತದೋ ಇಲ್ಲವೋ ಒಮ್ಮೆ ನೋಡಿಬಿಡುತ್ತೇನೆ ಎಂದು ಅವಳು ಆರು ತಿಂಗಳು ಕೇಳಿ ಪಡೆದಳು. ಆ ನಡುವೆ ಸೋಲಾಪುರದಿಂದ ಒಂದು ಸಂಬಂಧ ಬಂದಿತ್ತು. ಹುಡುಗಿ ದಿನಾ ಎಲ್ಲಿಗೆ ಹೋಗುತ್ತಾಳೆಂದು ತಿಳಿದ ಮೇಲೆ ಅವರಿಂದ ಕಾಗದ ಬಂತು. “ಕುಂಡಲಿ ಮೊದಲ ಕೂಡಿತ್ತರಿ, ಆಮ್ಯಾಲೆ ಕೂಡಲಿಲ್ಲ,” ಎಂದಷ್ಟೇ ಹೇಳಿ ಅವಳು ಮಾತು ಮುಗಿಸುತ್ತಾಳೆ.

ಅವಳಿಗೆ ಒಪ್ಪಿಸಿದ ಕೆಲಸ ಬುದ್ಧಿ ಪರೀಕ್ಷೆ. ಮೂವತ್ತು ಪ್ರಶ್ನೆಗಳ ಮರಾಠಿ ಫಾರ್ಮು, ಒಬ್ಬರಿಗೆ ನಲವತ್ತು ನಿಮಿಷ, ದಿನಕ್ಕೆ ನಾಲ್ಕು ಜನ. ಜುಲೈ ಹದಿನಾಲ್ಕರಂದು ಎದುರಿಗೆ ಬಂದು ಕೂತವಳು ಬೇಬಿ. ಅದು ಆಕೆಯ ಹೆಸರಲ್ಲ. ಒಂಬತ್ತು ವರ್ಷದ ಹಿಂದೆ, ದಾರಿಯಲ್ಲಿ ಸಿಕ್ಕವಳೆಂದು ಕರೆತಂದ ಪೊಲೀಸರು ಹೆಸರಿನ ಜಾಗ ಖಾಲಿ ಬಿಡಬಾರದೆಂದು ಬರೆಸಿದ್ದು. ವಯಸ್ಸು ಮೂವತ್ತೈದರ ಸುಮಾರು, ಮಾತಿಲ್ಲ. ‘ಬೆರಳುಗಳನ್ನು ಸದಾ ಅರ್ಥವಿಲ್ಲದೆ ಆಡಿಸುತ್ತಾಳೆ’ ಎಂದು ಫೈಲಿನಲ್ಲಿತ್ತು. ವನಜಾಕ್ಷಿ ಮೂವತ್ತೂ ಪ್ರಶ್ನೆ ಕೇಳಿದಳು. ಬೇಬಿ ಒಂದಕ್ಕೂ ಉತ್ತರ ಕೊಡಲಿಲ್ಲ. ‘ತೀವ್ರ ಬುದ್ಧಿಮಾಂದ್ಯ, ಏನನ್ನೂ ಕಲಿಯಲಾರಳು’ ಎಂದು ಬರೆದು ವನಜಾಕ್ಷಿ ಕೆಳಗೆ ಸಹಿ ಮಾಡಿದಳು.

ಆ ಒಂದು ಸಾಲು ಕೆಲಸ ಮಾಡಿತು. ಅಲ್ಲಿಯವರೆಗೆ ಅಂಗಳ ಗುಡಿಸಿ ಬಿಸಿಲಲ್ಲಿ ಕೂರುತ್ತಿದ್ದ ಬೇಬಿಯನ್ನು, ವರದಿ ಓದಿದ ಮಂಡಳಿಯವರು ಹಿಂದಿನ ಕೋಣೆಗೆ ಕಳಿಸಿದರು. ಕಲಿಯಲಾರದವರ ಕೋಣೆ ಅದು. ಹಗಲೂ ಚಿಲಕ ಹಾಕಿರುತ್ತದೆ.

ಆಗಸ್ಟಿನ ಒಂದು ಬೆಳಿಗ್ಗೆ ಮಳೆಗಾಳಿಗೆ ಅಡುಗೆಮನೆಯ ತಗಡೊಂದು ಕಿತ್ತು ಅಂಗಳಕ್ಕೆ ಬಿತ್ತು. ವಾರ್ಡಿಗೆ ವಾರ್ಡೇ ಚೀರಿತು. ವನಜಾಕ್ಷಿಯ ಕೈಯ ಪೆನ್ಸಿಲು ಜಾರಿತು. ಅದನ್ನು ಎತ್ತಿಕೊಂಡು ತಲೆಯೆತ್ತಿದರೆ ಹಿಂದಿನ ಕೋಣೆಯ ಕಿಟಕಿಯಲ್ಲಿ ಬೇಬಿ ಕಂಡಳು. ಕಿಟಕಿಗೆ ಬೆನ್ನು ಹಾಕಿ ಮಂಚದ ಮೇಲೆ ಬೆರಳಾಡಿಸುತ್ತ ಕೂತಿದ್ದಳು, ತಿರುಗಿರಲಿಲ್ಲ. ವನಜಾಕ್ಷಿ ಕೂಗಿದಳು, ಕಂಬಿಗೆ ರಟ್ಟು ಬಡಿದಳು, ಬೇಬಿ ಅಲುಗಲಿಲ್ಲ. ಆಗ ವಾರ್ಡಿನ ಆಯಾ ಗಂಗೂಬಾಯಿ ಕೋಣೆಯೊಳಗೆ ಹೋಗಿ ಮಂಚದ ಕಾಲನ್ನು ಪಾದದಿಂದ ಒದ್ದರು. ಮಂಚ ನಡುಗಿದ ಕೂಡಲೇ ಬೇಬಿ ತಿರುಗಿ ನೋಡಿದಳು.

ಗಂಗೂಬಾಯಿಗೆ ಐವತ್ತು ದಾಟಿದೆ, ಇಲ್ಲಿ ಹದಿನೇಳು ವರ್ಷದ ಸೇವೆ. ಬೇಬಿಗೆ ಕಿವಿ ಕೇಳದೆಂದು ಅವರಿಗೆ ಆಕೆ ಬಂದ ಮೊದಲ ವಾರವೇ ಗೊತ್ತಾಗಿತ್ತು. ಹಾಗಾದರೆ ಯಾರಿಗೂ ಯಾಕೆ ಹೇಳಲಿಲ್ಲ ಎಂದು ವನಜಾಕ್ಷಿ ಕೇಳಿದಳು. “ಯಾರೂ ಕೇಳಲಿಲ್ಲವಲ್ಲ ತಾಯಿ. ಡಾಕ್ಟರ್ ಸಾಹೇಬರು ಬಂದರೆ ನಾವು ಗೋಡೆಗೆ ಸರಿದು ನಿಲ್ಲಬೇಕು,” ಎಂದರು ಗಂಗೂಬಾಯಿ ಮರಾಠಿಯಲ್ಲಿ. ದೂರುವ ದನಿಯಲ್ಲ, ಇದ್ದದ್ದನ್ನು ಹೇಳುವ ದನಿ.

ಆ ದಿನವನ್ನು ನೆನೆದು ವನಜಾಕ್ಷಿ ಹೇಳುತ್ತಾಳೆ: “ನಲವತ್ತು ನಿಮಿಷ ಎದುರಿಗೆ ಕುಂತು ಪ್ರಶ್ನಿ ಕೇಳೀನ್ರಿ. ನಿನಗ ಕೇಳಸ್ತೈತೇನು ಅನ್ನೂದೊಂದು ಕೇಳಲಿಲ್ಲ. ಚಿಲಕ ಹಾಕಿಸಿದಾಕಿ ನಾನ.”

ಆಸ್ಪತ್ರೆಯ ಏಕೈಕ ವೈದ್ಯರಾದ ಡಾಕ್ಟರ್ ನರಹರಿಯವರು ಇನ್ನೂರರ ಮೇಲೆ ರೋಗಿಗಳನ್ನು ನೋಡಬೇಕು. ಕೈ ತೊಳೆಯುತ್ತಲೇ ಅವಳ ಮಾತು ಕೇಳಿಸಿಕೊಂಡರು. ವರದಿ ಮಂಡಳಿಯ ಮುಂದೆ ಹೋಗಿಯಾಗಿದೆ, ಈಗ ಇನ್ನೊಂದು ಬಂದರೆ ಒಂಬತ್ತು ವರ್ಷ ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆ ಏಳುತ್ತದೆ, ನೀನು ಡಿಸೆಂಬರಿಗೆ ಸರ್ಟಿಫಿಕೇಟು ತೆಗೆದುಕೊಂಡು ಹೋಗುವವಳು ಎಂದರು. ಗದರಲಿಲ್ಲ. ಸರ್ಟಿಫಿಕೇಟಿಗೆ ಸಹಿ ಹಾಕಬೇಕಾದವರು ಅವರೇ. ಅದಿಲ್ಲದಿದ್ದರೆ ಎಂ.ಎ. ಮುಗಿಯದು. ಮನೆಯಲ್ಲಿ ಕಾಶೀನಾಥರೂ ಸುಮ್ಮನೆ ಮುಗಿಸಿ ಬಾ ಎಂದರು.

ಅವಳು ಮೂರು ಸಂಜೆ ಕೂತು ಎರಡನೆಯ ವರದಿ ಬರೆದಳು. ‘ಜುಲೈ ಹದಿನಾಲ್ಕರ ನನ್ನ ವರದಿ ತಪ್ಪು’ ಎಂಬುದು ಅದರ ಮೊದಲ ಸಾಲು. ಈ ಸಂಗತಿ ತಿಳಿಸಿದವರು ಆಯಾ ಗಂಗೂಬಾಯಿ ಎಂಬುದು ಎರಡನೆಯದು. ಡಾಕ್ಟರ ಮೇಜಿನ ಮೇಲೆ ಅದನ್ನಿಟ್ಟು ಬಂದ ಮೇಲೆ ಎಂಟು ದಿನ ಏನೂ ಆಗಲಿಲ್ಲ. ಆ ಎಂಟೂ ದಿನ ಅವಳು ಮೊದಲ ಬಸ್ಸಿಗೇ ಬಂದಳು. ಒಂಬತ್ತನೆಯ ದಿನ ನರಹರಿಯವರು ಗಂಗೂಬಾಯಿಯನ್ನು ಕೋಣೆಗೆ ಕರೆಸಿದರು, ಕೂರಲು ಹೇಳಿದರು. ಹದಿನೇಳು ವರ್ಷದಲ್ಲಿ ಗಂಗೂಬಾಯಿ ಆ ಕೋಣೆಯ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಅರ್ಧ ಗಂಟೆಯ ನಂತರ ಡಾಕ್ಟರು ದೊಡ್ಡಾಸ್ಪತ್ರೆಯ ಕಿವಿ ವಿಭಾಗಕ್ಕೆ ಚೀಟಿ ಬರೆದರು. ಎರಡೂ ಕಿವಿಗೆ ಹುಟ್ಟಿನಿಂದಲೇ ಕೇಳಿಸಿರಲಾರದು ಎಂದು ಅಲ್ಲಿಂದ ಉತ್ತರ ಬಂತು.

ಹಿಂದಿನ ಕೋಣೆಯ ಚಿಲಕ ಬೇಬಿಯ ಮಟ್ಟಿಗೆ ತೆರೆಯಿತು. ವನಜಾಕ್ಷಿ ಈ ಸಲ ಫಾರ್ಮು ತೆಗೆಯುವ ಮೊದಲು ಗಂಗೂಬಾಯಿಯನ್ನು ಕೇಳಿದಳು: ಆ ಬೆರಳಲ್ಲಿ ಈಕೆ ಮಾಡುವುದೇನು? ಬೀಡಿ ಕಟ್ಟುತ್ತಾಳೆ, ಇನ್ನೇನು, ನಮ್ಮ ಅತ್ತೆಯೂ ಹೀಗೇ ಕಟ್ಟುತ್ತಿದ್ದಳು ಎಂದರು ಅವರು. ಮರುದಿನವೇ ಬೀಡಿ ಸುತ್ತುವ ತೆಂದು ಎಲೆ, ತಂಬಾಕು, ನೂಲು, ಕತ್ತರಿ ಬಂದವು. ಬೇಬಿ ಎಲೆಯನ್ನು ಬಹಳ ಹೊತ್ತು ನೋಡಿದಳು, ಮೂಸಿದಳು. ಆಮೇಲೆ ಅಳತೆಗೆ ಕತ್ತರಿಸಿ, ಸುತ್ತಿ, ತುದಿಯನ್ನು ಉಗುರಿನಿಂದ ಒಳಗೆ ಮಡಚಿದಳು. ಕಾಲು ಗಂಟೆಯಲ್ಲಿ ಹನ್ನೊಂದು ಬೀಡಿ. ಒಂದೂ ಸಡಿಲವಿರಲಿಲ್ಲ.

ಬೀಡಿ ಎಂದರೆ ಪಕ್ಕದ ಭಂಡಾರಾ ಜಿಲ್ಲೆ. ಅಲ್ಲಿನ ಬೀಡಿ ಕಾರಖಾನೆಗಳಿಗೆ ಬೇಬಿಯ ಫೋಟೊ ಇಟ್ಟು ವನಜಾಕ್ಷಿ ನಲವತ್ತು ಕಾಗದ ಬರೆದಳು. ನಲವತ್ತಕ್ಕೂ ನರಹರಿಯವರು ಸಹಿ ಹಾಕಿದರು. ಬಂದ ಉತ್ತರ ಮೂರು. ಎರಡರಲ್ಲಿ ಗೊತ್ತಿಲ್ಲವೆಂದಿತ್ತು. ಮೂರನೆಯದರ ಹಿಂದೆಯೇ, ಡಿಸೆಂಬರಿನಲ್ಲಿ, ವಿಮಲಾ ಎಂಬಾಕೆ ಪ್ಯಾಸೆಂಜರ್ ರೈಲಿನಲ್ಲಿ ಬಂದಿಳಿದಳು. ಬೇಬಿಯ ತಂಗಿ. ಅಕ್ಕನ ಹೆಸರು ಜನಾಬಾಯಿ ಎಂದಳು.

ಒಂಬತ್ತು ವರ್ಷದ ಹಿಂದೆ ದಸರೆಯ ದಿನ ಊರಿನವರೊಂದಿಗೆ ನಾಗಪುರದ ದೀಕ್ಷಾಭೂಮಿಗೆ, ಬೌದ್ಧ ದೀಕ್ಷೆಯ ನೆನಪಿನ ಸಮಾವೇಶಕ್ಕೆ ಬಂದಾಗ ಲಕ್ಷಾಂತರ ಜನರ ನಡುವೆ ಅಕ್ಕನ ಕೈ ತಪ್ಪಿತ್ತು. ಅಂದಿನಿಂದ ಪ್ರತಿ ದಸರೆಗೂ ಮನೆಯವರು ಬಂದು, ಕೈ ತಪ್ಪಿದ ಜಾಗದಲ್ಲೇ ಸಂಜೆಯತನಕ ನಿಂತು ಹೋಗುತ್ತಿದ್ದರು. ಅಲ್ಲಿಂದ ಆಸ್ಪತ್ರೆಗೆ ಏಳೆಂಟು ಮೈಲಿ.

ಜನಾಬಾಯಿ ತಂಗಿಯ ಮುಖವನ್ನೆಲ್ಲ ಕೈಯಿಂದ ಮುಟ್ಟಿ ನೋಡಿದಳು. ಆಮೇಲೆ ತನ್ನ ಭುಜದ ಮಟ್ಟದಲ್ಲಿ ಗಾಳಿಯಲ್ಲಿ ಅಂಗೈ ಹಿಡಿದು ಗಂಗೂಬಾಯಿಯ ಕಡೆ ತಿರುಗಿದಳು: ಇವಳು ಇಷ್ಟೇ ಇದ್ದಳು. ಆ ಸನ್ನೆಯನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮಂಡಳಿಯ ಕಾಗದಪತ್ರ ಮುಗಿದು ವಾರದೊಳಗೆ ಅಕ್ಕ ತಂಗಿ ಊರಿಗೆ ಹೋದರು.

ವನಜಾಕ್ಷಿಯ ಆರು ತಿಂಗಳು ಮುಗಿದು, ‘ತೃಪ್ತಿಕರ’ ಎಂಬ ಸರ್ಟಿಫಿಕೇಟೂ ಕೈಗೆ ಬಂದಿದೆ. ಅವಳು ಬರುವುದನ್ನು ನಿಲ್ಲಿಸಿಲ್ಲ. ವಾರ್ಡಿನಲ್ಲಿ ಉಳಿದವರನ್ನೆಲ್ಲ ಗಂಗೂಬಾಯಿಯ ಜೊತೆ ಮೊದಲಿನಿಂದ ನೋಡುತ್ತಿದ್ದಾಳೆ. ಅರವತ್ತೆರಡು ಮಂದಿಯದು ಆಗಿದೆ. ಕಿವಿ ಮಂದವಿರುವ ಇಬ್ಬರು ಸಿಕ್ಕಿದ್ದಾರೆ. ಇನ್ನೊಬ್ಬ ಮುದುಕಿ ಬಡಬಡಿಸುತ್ತಿರುವುದು ಗೊಂಡಿ ಭಾಷೆಯೆಂದು ಸೌದೆ ತರುವವನೊಬ್ಬ ಗುರುತಿಸಿದ್ದಾನೆ.

ಮುಂದೆಯೂ ಇದೇ ಕೆಲಸವೇ ಎಂದು ಕೇಳಿದರೆ ಹೇಳುತ್ತಾಳೆ: “ಇದರಾಗ ಇರಬೇಕಂತ ಮಾಡೀನ್ರಿ. ಹೆದರಿಕಿ ಐತಿ. ಸಹಿ ಮಾಡೂ ಮುಂದ ಕೈ ತಡೀತೈತಿ. ಅದು ಹಂಗ ಇರಲಿ ಅನಸ್ತೈತಿ.”

ಜನಾಬಾಯಿಯ ಫೈಲು ಮುಚ್ಚುವಾಗ, ಹಳೆಯ ವರದಿಯನ್ನು ತೆಗೆದುಬಿಡೋಣ, ನಿನಗೇಕೆ ಕೆಟ್ಟ ಹೆಸರು ಎಂದರಂತೆ ಡಾಕ್ಟರ್ ನರಹರಿ. ವನಜಾಕ್ಷಿ ಒಪ್ಪಲಿಲ್ಲ. ಎರಡೂ ಹಾಳೆ ಒಂದೇ ಗುಂಡುಸೂಜಿಯಲ್ಲಿ ಫೈಲಿನೊಳಗಿವೆ, ಎರಡರ ಕೆಳಗೂ ಅದೇ ದುಂಡನೆಯ ಸಹಿ.

“ಎರಡೂ ಇರಲಿ ಅಂದೆ. ನನ್ನ ಹಿಂದ ಬರಾಕಿ ಯಾವಾಕಿರ ಓದತಾಳ. ತಪ್ಪು ಬರದಾಕಿನೂ ಇಕೀನ, ತಿದ್ದಿದಾಕಿನೂ ಇಕೀನ ಅಂತ ಅಕಿಗೆ ತಿಳೀಲಿ.”