ಕೆಂಪು ಗೆರೆ ಮುಟ್ಟುವ ಮೊದಲು

ಕರಲಹಾಳದ ಹಳ್ಳಕ್ಕೆ ನೀರು ಬರಬೇಕಾದರೆ ಕರಲಹಾಳದಲ್ಲಿ ಮಳೆಯಾಗಬೇಕೆಂದೇನೂ ಇಲ್ಲ. ಕುಂದಗೋಳದ ಕಡೆ ಸುರಿದದ್ದೆಲ್ಲ ಬೆಣ್ಣಿಹಳ್ಳದಲ್ಲಿ ಕೂಡಿಕೊಂಡು ನವಲಗುಂದ ಸೀಮೆಗೆ ಬರುವ ಹೊತ್ತಿಗೆ ಇಲ್ಲಿ ಬಿಸಿಲು ಬಿದ್ದಿರುತ್ತದೆ. ಅದಕ್ಕೇ ಸರಕಾರದವರು ಊರ ಮೇಲ್ಗಡೆಯ ಸೇತುವೆಯ ಕಂಬಕ್ಕೆ ಅಡಿಗಳ ಗುರುತು ಬರೆಸಿ, ಅಪಾಯದ ಮಟ್ಟಕ್ಕೆ ಕೆಂಪು ಗೆರೆ ಎಳೆಸಿದ್ದರು. ದಿನಾ ನೀರು ನೋಡಿ ತಿಳಿಸುವ ಕೆಲಸ ಈರಬಸಪ್ಪನದು. ಲಕ್ವ ಹೊಡೆದು ಅವನ ಎಡಮೈ ಬಿದ್ದುಹೋದ ಮೇಲೆ ಹೆಸರಷ್ಟೇ ಅವನದು ಉಳಿಯಿತು. ಸೇತುವೆಗೆ ನಡೆಯುವವಳು ಅವನ ಹೆಂಡತಿ ಶಿವಗಂಗವ್ವ.

ಹೆಂಗಸು ಹಳ್ಳ ಅಳೆಯುತ್ತಾಳೆಂದು ಮೊದಮೊದಲು ಕಟ್ಟೆಯ ಮೇಲೆ ಕೂತವರು ನಕ್ಕರು. ಅವಳು ಸೆರಗು ಹೊದ್ದುಕೊಂಡು ಮುಂದೆ ನಡೆದಳು. ಕ್ರಮೇಣ ಅವರಿಗೂ ರೂಢಿಯಾಯಿತು. ನಗೆ ನಿಂತು ಬೈಗುಳ ಶುರುವಾದದ್ದು ಒಂದು ಬರದ ವರ್ಷ.

ಆ ವರ್ಷ ಮಳೆ ಕೈಕೊಟ್ಟಿತ್ತು. ಉತ್ತರಿ ಮಳೆಯಲ್ಲಿ ಒಂದು ದಿನ ಮಾತ್ರ ಹಳ್ಳ ತುಂಬಿ ಬಂತು. ನೀರು ಕೆಂಪು ಗೆರೆಗಿಂತ ಇನ್ನೂ ಕೆಳಗಿದ್ದರೂ ಶಿವಗಂಗವ್ವ ಹೆದರಿ, ಹಲಗೆ ಬಾರಿಸುವ ಯಲ್ಲಪ್ಪನಿಂದ ಡಂಗುರ ಹೊಡೆಸಿದಳು. ಹಳ್ಳದ ಓಣಿಯ ಮಂದಿ ಹಾಸಿಗೆ, ಪಾತ್ರೆ ಹೊತ್ತುಕೊಂಡು ಮೇಲೆ ಬಂದರು. ಅವರು ಹೊಲೆಯರೆಂದು ಊರ ಮಠದ ಒಳಗೆ ಯಾರೂ ಕರೆಯಲಿಲ್ಲ. ಹೊರಗಿನ ಪೌಳಿಯ ತೆರೆದ ಅಂಗಳದಲ್ಲಿ, ಜಿಟಿಜಿಟಿ ಮಳೆಗೆ ಮೈಯೊಡ್ಡಿ ಕೂತರು. ಅವರಲ್ಲಿ ರಾಮವ್ವನ ಮಗಳು ತಾಯವ್ವನೂ ಇದ್ದಳು, ಹಸಿ ಬಾಣಂತಿ. ಸಂಜೆಗೆ ಹಳ್ಳ ತಾನೇ ಇಳಿದುಹೋಯಿತು. ಓಣಿಗೆ ಒಂದು ಹನಿ ನೀರೂ ಬರಲಿಲ್ಲ. ಆದರೆ ತಾಯವ್ವನ ಕೂಸಿಗೆ ಜ್ವರ ಬಂದು, ವಾರದೊಳಗೆ ತೀರಿಕೊಂಡಿತು.

ಊರು ಶಿವಗಂಗವ್ವನನ್ನು ಬೈದಿತು. ರಾಮವ್ವ ಮಾತ್ರ ಒಂದು ಮಾತೂ ಆಡಲಿಲ್ಲ. ದಾರಿಯಲ್ಲಿ ಎದುರಾದರೆ ಮುಖ ತಿರುಗಿಸಿ ಹೋಗುತ್ತಿದ್ದಳು. ಅದನ್ನು ತಾಳುವುದು ಬೈಗುಳಕ್ಕಿಂತ ಕಷ್ಟವಾಗಿತ್ತು. ಇಲಾಖೆಯ ಸಾಹೇಬರು ಬಂದು, ಇನ್ನು ಮುಂದೆ ಕೆಂಪು ಗೆರೆ ಮುಟ್ಟದ ಹೊರತು ಯಾರನ್ನೂ ಎಬ್ಬಿಸಬಾರದೆಂದು ಹೇಳಿಹೋದರು.

ಚಳಿಗಾಲವೆಲ್ಲ ಗಂಡ ಹೆಂಡತಿ ಅದನ್ನೇ ಮಾತಾಡಿದರು. ಅಷ್ಟು ನೀರು ಎಲ್ಲಿ ಹೋಯಿತು? ತೊದಲುವ ನಾಲಿಗೆಯಲ್ಲಿ ಈರಬಸಪ್ಪ ಬಿಡಿಸಿ ಹೇಳಿದ. ಮಳೆಯಿಲ್ಲದೆ ಕಪ್ಪು ಮಣ್ಣಿನ ಎರಿ ಭೂಮಿ ಕೈ ಹೋಗುವಷ್ಟು ಬಿರುಕು ಬಿಟ್ಟಿತ್ತು. ಮೇಲಿನ ಸೀಮೆಯ ಹೊಲಗಳೆಲ್ಲ ಕುಡಿದು ಮಿಕ್ಕದ್ದಷ್ಟೇ ಹಳ್ಳಕ್ಕೆ ಬಂದಿತ್ತು. ಕಂಬದ ಗುರುತು ಈಗ ನೀರೆಷ್ಟಿದೆ ಎಂದಷ್ಟೇ ಹೇಳುತ್ತದೆ, ಹಿಂದೆ ಎಷ್ಟು ಬರುತ್ತಿದೆ ಎಂಬುದನ್ನಲ್ಲ. ನೆಲದ ಹೊಟ್ಟೆ ತುಂಬಿದೆಯೋ ಖಾಲಿಯಿದೆಯೋ ನೋಡಬೇಕು. ಶಿವಗಂಗವ್ವ ಕೇಳಿಸಿಕೊಂಡಳು. ಕೂಸಿನ ಸಾವಿಗೆ ಅದರಿಂದ ಸಮಾಧಾನವೇನೂ ಸಿಗಲಿಲ್ಲ.

ಮರುವರ್ಷ ಮಳೆ ಬಿಡದೆ ಹೊಡೆಯಿತು. ಹತ್ತಿ ಬೇರಿನಲ್ಲೇ ಕೊಳೆಯಿತು, ಹೊಲದಲ್ಲಿ ಇಟ್ಟ ಕಾಲು ಕೀಳಲು ಬರುತ್ತಿರಲಿಲ್ಲ. ಒಂದು ದಿನ ಮುಂಜಾನೆ ಮೋಡ ಹರಿದು ಬಿಸಿಲು ಬಿತ್ತು. ಊರವರು ಕಾಳು ಒಣಗಿಸಲು ಹರವಿದರು. ಶಿವಗಂಗವ್ವ ಸೇತುವೆಯ ಮೇಲೆ ನಿಂತಿದ್ದಾಗ ಹುಬ್ಬಳ್ಳಿಯಿಂದ ಬರುವ ಬಸ್ಸು ಬಂತು. ಡ್ರೈವರ್ ಬುಡನಸಾಬ ಗಾಡಿ ನಿಲ್ಲಿಸಿ, ಕುಂದಗೋಳದ ಕಡೆ ನಿನ್ನೆಯಿಂದ ಮಳೆ ಹಿಡಿದದ್ದು ಬಿಟ್ಟೇ ಇಲ್ಲ, ತಾನು ಇದೇ ದಾರಿಯಲ್ಲಿ ಮರಳುವುದು ಅನುಮಾನ ಎಂದು ಹೇಳಿ ಹೋದ.

ಅವಳು ಬಗ್ಗಿ ನೋಡಿದಳು. ಹೋದ ವರ್ಷ ಯಾವ ಗುರುತು ನೋಡಿ ಊರಿಗೆ ಓಡಿದ್ದಳೋ ನೀರು ಅಲ್ಲೇ ಇತ್ತು. ಅದೇ ಕೆಂಬಣ್ಣ, ಅದೇ ನೊರೆ. ಕೆಂಪು ಗೆರೆ ಇನ್ನೂ ಒಣಗಿಯೇ ಇತ್ತು. ಅದು ಮುಳುಗಿದ ಮೇಲೆ ಓಣಿಗೆ ಓಡಿದರೆ ಮುದುಕರನ್ನು, ಮಕ್ಕಳನ್ನು ಎಬ್ಬಿಸುವಷ್ಟು ಹೊತ್ತು ಸಿಗುತ್ತದೆಯೇ? ಈಗಲೇ ಓಡಿದರೆ, ನೀರು ಮತ್ತೆ ಇಳಿದುಹೋದರೆ? ಇನ್ನೊಂದು ಗುರುತು ಮುಳುಗಲಿ, ನೋಡೋಣ ಎಂದುಕೊಂಡಳು. ನೋಡುತ್ತಿದ್ದಂತೆಯೇ ಅದು ಮುಳುಗಿತು. ಬೇರು ಸಮೇತ ಕಿತ್ತ ಜಾಲಿ ಗಿಡವೊಂದು ತಿರುಗುತ್ತ ಬಂದು ಕಂಬಕ್ಕೆ ಬಡಿಯಿತು. ಅವಳು ಸೀರೆ ಎತ್ತಿ ಕಟ್ಟಿ ಊರ ಕಡೆ ಓಡಿದಳು.

ಯಲ್ಲಪ್ಪ ಹಲಗೆ ಮುಟ್ಟಲು ಒಪ್ಪಲಿಲ್ಲ. ಹೋದ ವರ್ಷ ಬಾರಿಸಿದ್ದಕ್ಕೆ ಎಲ್ಲರಿಂದ ಬೈಸಿಕೊಂಡಿದ್ದ. ಈ ಸಲ ಗೌಡರು ಹೇಳಲಿ ಎಂದ. ಗೌಡರು ಕೋರ್ಟಿನ ಕೆಲಸಕ್ಕೆ ನವಲಗುಂದಕ್ಕೆ ಹೋಗಿದ್ದರು. ಅವಳು ವಾದಿಸುತ್ತ ನಿಲ್ಲಲಿಲ್ಲ. ನೇರ ರಾಮವ್ವನ ಮನೆಗೆ ಹೋದಳು. ರಾಮವ್ವ ಎದ್ದರೆ ಓಣಿಯೆಲ್ಲ ಏಳುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ರಾಮವ್ವ ಬಾಗಿಲಲ್ಲಿ ಸಜ್ಜೆ ಕೇರುತ್ತಿದ್ದಳು. ಒಳಗೆ ಗೋಡೆಗೆ ಒರಗಿ ತಾಯವ್ವ ಕೂತಿದ್ದಳು, ಮತ್ತೆ ತುಂಬು ಬಸುರಿ.

“ಯಾಕ ಬಂದೀರಿ ಅವ್ವಾರ?” ರಾಮವ್ವ ತಲೆಯೆತ್ತದೆ ಕೇಳಿದಳು.

“ಮ್ಯಾಲಿಂದ ನೀರ ಬರಾಕತ್ತೇತಿ. ಮಗಳನ್ನ ಎಬ್ಬಿಸು.”

“ಕೆಂಪು ಗೆರಿ ಮುಟ್ಟೇತೇನ್ರಿ?”

“ಇಲ್ಲ.”

ರಾಮವ್ವ ಮೊರ ಕೆಳಗಿಟ್ಟಳು. ಒಂದು ವರ್ಷದಿಂದ ತಿರುಗಿಸಿದ್ದ ಮುಖವನ್ನು ಈಗ ನೇರವಾಗಿ ಇವಳ ಕಡೆ ಹಿಡಿದಳು. “ಮತ್ತ ಆ ಪೌಳ್ಯಾಗ ಕುಂದರಸ್ತೀರೇನ ಇಕೀನ್ನ? ನೀರು ಬರೂದು ಖರೇನ?”

ಹೌದು ಎಂದುಬಿಟ್ಟರೆ ಕೆಲಸ ಸುಲಭವಾಗುತ್ತಿತ್ತು. ಶಿವಗಂಗವ್ವನ ಬಾಯಿಗೆ ಅದು ಬರಲಿಲ್ಲ.

“ಗೊತ್ತಿಲ್ಲ ರಾಮವ್ವ. ಹೋದ ವರ್ಷ ಭೂಮಿ ಒಣಗಿತ್ತು, ಕುಡೀತು. ಈ ವರ್ಷ ಕುಡ್ಯಾಕ ಜಾಗ ಇಲ್ಲ. ನನಗ ಅಂಜಿಕಿ ಆಗೇತಿ. ಪೌಳಿಗೆ ಬ್ಯಾಡ, ನಮ್ಮನಿಗೆ ನಡೀರಿ. ಒಳಗ.”

ಒಳಗೆ ಎಂಬ ಮಾತು ಹೊರಬಿದ್ದ ಮೇಲೆ ಅದರ ಭಾರ ಅವಳಿಗೇ ತಿಳಿಯಿತು. ಆ ಓಣಿಯವರು ಯಾರೂ ಇಂದಿನವರೆಗೆ ಅವಳ ಮನೆಯ ಕಟ್ಟೆ ದಾಟಿದವರಲ್ಲ. ರಾಮವ್ವ ಒಳಗೆ ಹೋಗಿ ಮಗಳ ರಟ್ಟೆ ಹಿಡಿದು ಎಬ್ಬಿಸಿದಳು.

ಅವರಿಬ್ಬರೂ ಓಣಿಯಲ್ಲಿ ಮೇಲೆ ಹತ್ತುವುದನ್ನು ಕಂಡು ಬಾಗಿಲುಗಳು ತೆರೆದವು. ಸ್ವಲ್ಪ ಹೊತ್ತಿಗೆ ಯಲ್ಲಪ್ಪನ ಹಲಗೆಯ ಸದ್ದೂ ಕೇಳಿಸಿತು.

ಮನೆಯ ಹೊಸ್ತಿಲಲ್ಲಿ ಅತ್ತೆ ಅನ್ನವ್ವ ನಿಂತಿದ್ದಳು. ಸೊಸೆಯ ಹಿಂದೆ ಬಂದವರನ್ನು ನೋಡಿ ಅವಳು ಎರಡೂ ಕೈ ಚಾಚಿ ಬಾಗಿಲ ಚೌಕಟ್ಟು ಹಿಡಿದಳು. ದನದ ಕೊಟ್ಟಿಗೆ ಇದೆಯಲ್ಲ, ಅಲ್ಲಿ ಇರಲಿ ಎಂದಳು. ತಾಯವ್ವ ಏದುಸಿರು ಬಿಡುತ್ತ ಕಟ್ಟೆಗೆ ಕೈಯೂರಿದಳು. ಶಿವಗಂಗವ್ವ ಅತ್ತೆಯನ್ನು ದೂಡಲಾರಳು, ಬಂದವರನ್ನು ತಿರುಗಿ ಕಳಿಸಲಾರಳು. ಆಗ ಒಳಗಿನ ಹಾಸಿಗೆಯಿಂದ ಈರಬಸಪ್ಪನ ದನಿ ಬಂತು. ಒಂದೊಂದು ಅಕ್ಷರಕ್ಕೂ ತಿಣುಕಿ ಅವನು ಹೇಳಿದ:

“ಯವ್ವಾ, ದಾರಿ ಬಿಡು. ಒಳಗ ಬರ್ಲಿ.”

ಅನ್ನವ್ವ ಕೈ ಇಳಿಸಿದಳು. ತನ್ನ ತಂಬಿಗೆ, ತಾಟು ತೆಗೆದುಕೊಂಡು ಹಿತ್ತಲಿಗೆ ಹೋಗಿ ಕೂತಳು.

ನೀರು ಮಧ್ಯಾಹ್ನ ಬಂತು, ಸುಡುವ ಬಿಸಿಲಿನಲ್ಲಿ. ಮೊದಲು ಗಾಡಿ ಉರುಳಿದಂಥ ಸದ್ದು. ಆಮೇಲೆ ಹಳ್ಳದ ದಂಡೆ ಎಲ್ಲಿತ್ತೆಂಬುದೇ ಗೊತ್ತಾಗದಂತೆ ಎರಡೂ ಕಡೆ ಕೆಂಪು ನೀರು ಹರಡಿತು. ಓಣಿಯ ಮಣ್ಣಿನ ಗೋಡೆಗಳು ಒಂದರ ಹಿಂದೊಂದು ಕುಸಿದು ಕೂತವು. ಮೇಲೆ ನಿಂತ ಮಂದಿ ತಂತಮ್ಮ ಮನೆ ಬೀಳುವುದನ್ನು ನೋಡಿದರು. ಎಲ್ಲರೂ ಬಂದಿದ್ದರು, ಮುದುಕ ತಿರಕಪ್ಪನೊಬ್ಬನನ್ನು ಬಿಟ್ಟು. ಅವನೂ ಮೇಲೆ ಬಂದವನೇ. ಗೂಟಕ್ಕೆ ಕಟ್ಟಿದ ಎಮ್ಮೆ ಬಿಚ್ಚಿಲ್ಲವೆಂದು ನೆನಪಾಗಿ, ಯಾರಿಗೂ ಹೇಳದೆ ಇಳಿದುಹೋಗಿದ್ದ. ಅವನು ಬಿಚ್ಚಿಬಿಟ್ಟ ಎಮ್ಮೆ ಈಜಿ ದಡ ಸೇರಿತು. ತಿರಕಪ್ಪನ ಹೆಣ ನೀರು ಇಳಿದ ಮೇಲೆ ಕೆಳಗಿನ ಊರಿನ ಜಾಲಿಯಲ್ಲಿ ಸಿಕ್ಕಿತು.

ಶಿವಗಂಗವ್ವ ಅವನ ಮಣ್ಣಿಗೆ ಹೋಗಿ ಬಂದವಳು ಎರಡು ದಿನ ಬಾಯಿಗೆ ಏನೂ ಹಾಕಲಿಲ್ಲ. ಮೊದಲ ಗುರುತಿಗೇ ಓಡಿ ಬಂದಿದ್ದರೆ ಎಮ್ಮೆ ಬಿಚ್ಚಲು ಹೊತ್ತಿರುತ್ತಿತ್ತು ಎಂಬುದನ್ನು ಅವಳ ತಲೆಯಿಂದ ತೆಗೆಯಲು ಯಾರಿಂದಲೂ ಆಗಲಿಲ್ಲ. ರಾಮವ್ವನೇ ಅವಳ ಒಲೆ ಮುಂದೆ ಕೂತು ರೊಟ್ಟಿ ಬಡಿದು, ಬಿಸಿ ರೊಟ್ಟಿ ತಂದು ಅವಳೆದುರು ಇಟ್ಟಳು. ಅವಳು ಉಂಡಳು.

ತಾಯವ್ವ ಆ ಮನೆಯಲ್ಲೇ ಹೆಣ್ಣು ಹೆತ್ತಳು. ಹಿತ್ತಲಲ್ಲಿ ಬೇರೆ ಅಡಿಗೆ ಮಾಡಿಕೊಳ್ಳುತ್ತಿದ್ದ ಅನ್ನವ್ವ ಕೂಸಿನ ಅಳು ಕೇಳಿ ಬಾಗಿಲವರೆಗೆ ಬಂದಳು. ಹೊಸ್ತಿಲು ದಾಟಲಿಲ್ಲ. ಬಾಣಂತಿಗೆ ಹೊಗೆ ಹಾಕಿದಿರಾ ಎಂದು ಹೊರಗಿನಿಂದಲೇ ಕೇಳಿ, ತನ್ನ ಒಲೆಯ ಕೆಂಡವನ್ನೂ ಒಂದು ಬುಟ್ಟಿ ಬೆರಣಿಯನ್ನೂ ಕಳಿಸಿದಳು.