ಅಂದಾಜಿನಲ್ಲಿ ಇಲ್ಲದ ಕೋಣೆ

ಪಕ್ಕದ ಮನೆಯವರು ಒಳಗೆಲ್ಲ ಹೊಸದಾಗಿ ಮಾಡಿಸುತ್ತಿದ್ದಾರೆ. ಎಂಟು ದಿನಗಳಿಂದ ಸಾಗವಾನಿಯ ಹೊಟ್ಟಿನ ವಾಸನೆ ಗೋಡೆ ದಾಟಿ ನನ್ನ ಆರಾಮ ಕುರ್ಚಿಯವರೆಗೂ ಬರುತ್ತಿದೆ. ಈ ವಾಸನೆ ಬಂದಾಗಲೆಲ್ಲ ನನಗೆ ಮೂಡಲಗಿಯ ನಮ್ಮ ಹಳೆಯ ಮನೆ ನೆನಪಾಗುತ್ತದೆ. ಅದಕ್ಕಿಂತ ಹೆಚ್ಚಾಗಿ ಹುಕ್ಕೇರಿಯ ಈರಪ್ಪ ಬಡಿಗೇರರು ನೆನಪಾಗುತ್ತಾರೆ.

ಆಗ ಎರಡನೆಯ ಮಹಾಯುದ್ಧ ನಡೆದಿತ್ತು. ನಾನು ಹತ್ತಿರದ ಕೌಜಲಗಿಯ ಸಾಲೆಯಲ್ಲಿ ಗಣಿತದ ಮಾಸ್ತರ. ಉತ್ತರ ಸರಿಯಿದ್ದರೂ ಮುಂದೆ ‘ರೂಪಾಯಿ’ ಎಂದು ಬರೆಯದ ಹುಡುಗರಿಗೆ ಒಂದು ಅಂಕ ಕಡಿಮೆ ಕೊಡುವಷ್ಟು ಕಟ್ಟುನಿಟ್ಟಿನವ. ಪಗಾರದಲ್ಲಿ ಉಳಿಸಿದ್ದು, ಹೊಲದ ಹತ್ತಿ ಮಾರಿದ್ದು ಎಲ್ಲ ಸೇರಿ ಕೈಯಲ್ಲಿ ಮುನ್ನೂರು ರೂಪಾಯಿ ಇತ್ತು. ಗೋಕಾಕದ ಹತ್ತಿ ವ್ಯಾಪಾರಿಯೊಬ್ಬರ ಪಡಸಾಲೆಯಲ್ಲಿ ಒಮ್ಮೆ ಚಹಾ ಕುಡಿದಿದ್ದೆ. ಕೆತ್ತನೆಯ ಕಂಬ, ಕಾಲಿಗೆ ತಣ್ಣಗೆ ತಾಗುವ ಫರಸಿ ಕಲ್ಲಿನ ನೆಲ, ತೂಗುಮಣೆ. ಅಂದಿನಿಂದ ಮನಸ್ಸು ಅಲ್ಲೇ ಕುಳಿತಿತ್ತು. ಸಾಲೆಯ ತಪಾಸಣೆಗೆ ಬರಲಿದ್ದ ಸಾಹೇಬರನ್ನು ಊಟಕ್ಕೆ ಕರೆಯುವ ಹವಣಿಕೆಯೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ನಮ್ಮ ಪಡಸಾಲೆಯನ್ನೂ ಹಾಗೆಯೇ ಮಾಡಿಸಲು ಕೆಂಪು ಶಾಯಿಯ ಗೆರೆ ಎಳೆದು ಖರ್ಚಿನ ಅಂದಾಜು ಬರೆದೆ. ಮೊತ್ತ ಸರಿಯಾಗಿ ಮುನ್ನೂರಕ್ಕೆ ಬಂದು ನಿಂತಿತು. ಎಷ್ಟು ಹಿಗ್ಗಿದೆನೆಂದರೆ ಆ ಹಾಳೆಯನ್ನು ಮೂರು ಸಲ ಓದಿದೆ.

ಕೆಲಸಕ್ಕೆಂದು ಹೇಳಿಕಳಿಸಿದ್ದ ಬಡಗಿ ಈರಪ್ಪ ಬಡಿಗೇರರು ಬಂದರು. ಅರವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ನಾನು ಚಾಚಿದ ಹಾಳೆಯನ್ನು ಕಿಸೆಗೆ ಹಾಕಿಕೊಂಡು ಮೊದಲು ಮನೆಯೆಲ್ಲ ಸುತ್ತಿದರು. ಗೋಡೆ ತಟ್ಟಿದರು, ಬಾಗಿಲು ಸರಿಸಿ ನೋಡಿದರು. ಅಡಿಗೆಮನೆಯ ಬಾಜೂಕಿನ ಒಳಗೋಣೆಯಲ್ಲಿ ಮಾತ್ರ ನಿಂತುಬಿಟ್ಟರು. ಅದಕ್ಕೆ ಕಿಟಕಿಯಿರಲಿಲ್ಲ. ಹಾಡಹಗಲಲ್ಲೂ ದೀಪ ಬೇಕು.

“ಇಲ್ಲಿ ಯಾರ ಮಲಗ್ತಾರ್ರಿ?”

“ಈಗ ಯಾರೂ ಇಲ್ರಿ. ಇದು ಬಾಣಂತಿ ಕ್ವಾಣಿ.”

ಅದರ ಹಿಂದಿನ ವರ್ಷ ನನ್ನ ಹೆಂಡತಿ ಶಾಂತಾ ಅಲ್ಲೇ ಹಡೆದಿದ್ದಳು. ತವರಿನಲ್ಲಿ ತಾಯಿ ಇಲ್ಲದ್ದರಿಂದ ಚೊಚ್ಚಲ ಬಾಣಂತನವೂ ನಮ್ಮಲ್ಲೇ ಆಗಿತ್ತು. ಗಂಡುಕೂಸು. ಒಂಬತ್ತನೆಯ ದಿನ ತೀರಿಕೊಂಡಿತು. ಆಗ ಅವಳಿಗೆ ಮತ್ತೆ ಐದು ತಿಂಗಳಾಗಿತ್ತು. ಇದನ್ನೆಲ್ಲ ನಾನು ಬಡಿಗೇರರಿಗೆ ಹೇಳಲಿಲ್ಲ. ಆದರೆ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಾಂತಾಳನ್ನು ಅವರು ನೋಡಿದರು. ಆಮೇಲೆ ಕಟ್ಟೆಯ ಮೇಲೆ ಕುಳಿತು ನನ್ನ ಹಾಳೆ ಬಿಚ್ಚಿದರು.

“ಮಾಸ್ತರ, ಕೂಡಿಸಿದ್ದು ಬರೋಬ್ಬರಿ ಐತ್ರಿ. ಇದರಾಗ ಕಂಬ ಅದಾವು, ಫರಸಿ ಐತಿ, ಬರೂ ಹೋಗೂ ಪಾವಣ್ಯಾರೂ ಅದಾರ. ಮನಿಮಂದಿ ಎಲ್ಲಿ ಅದಾರ?”

ನನಗೆ ಸಿಟ್ಟು ಬಂತು. “ನೀವು ಬಡಿಗತನಕ್ಕ ಬಂದೀರಿ, ನನಗ ಶಾಣ್ಯಾತನ ಹೇಳಾಕ ಅಲ್ಲ” ಎಂದೆ.

ಅವರು ಸಿಟ್ಟಾಗಲಿಲ್ಲ. “ಖರೆ ಐತ್ರಿ. ಆದ್ರ ಇದು ಯುದ್ಧದ ಕಾಲ. ಮೊಳಿ, ಬಿಜಾಗರಿ ಇವತ್ತಿನ ರೇಟಿಗೆ ನಾಳಿ ಸಿಗೂದಿಲ್ಲ. ಮುನ್ನೂರದಾಗ ಇಷ್ಟೆಲ್ಲ ಆಗೂದಿಲ್ರಿ. ಯಾವುದಿಲ್ದ ನಡಿಯೂದಿಲ್ಲೋ ಅದನ್ನ ಮೊದಲ ಬರೀರಿ. ಐದರಾಗ ಒಂದ ಪಾಲು ಮುಟ್ಟದಂಗ ತಗದಿಡ್ರಿ. ಹಳೇ ಗ್ವಾಡಿ ಒಡದ್ರ ಒಳಗಿಂದ ಏನ ಹೊರಬೀಳತೈತೋ ಯಾರಿಗೂ ತಿಳಿಯೂದಿಲ್ಲ.” ಹಾಳೆಯನ್ನು ಮಡಚಿ ನನ್ನ ಕೈಗಿಟ್ಟು ಹೊರಟುಹೋದರು.

ಮರುದಿನ ಊಟಕ್ಕೆ ಕುಳಿತಾಗ ಶಾಂತಾ ರೊಟ್ಟಿ ಹಾಕುತ್ತ, ತಟ್ಟೆಯನ್ನೇ ನೋಡುತ್ತ ಅಂದಳು: “ಕಂಬ ಬ್ಯಾಡ್ರಿ. ಆ ಕ್ವಾಣಿಗೆ ಒಂದ ಕಿಡಕಿ ಇಡಸ್ರಿ.”

ಮದುವೆಯಾದ ಮೂರು ವರ್ಷಗಳಲ್ಲಿ ಅವಳು ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದು. ರವಿವಾರ ಹುಕ್ಕೇರಿಗೆ ಹೋಗಿ ಬಡಿಗೇರರನ್ನು ನಾನೇ ಕರೆತಂದೆ. ಇಬ್ಬರೂ ಕುಳಿತು ಹೊಸ ಹಾಳೆ ಬರೆದೆವು. ಕಿಟಕಿ, ಗೋಡೆಗೆ ಗಿಲಾವು, ಒಳಗೋಣೆಯ ನೆಲಕ್ಕೆ ಫರಸಿ, ಒಂದು ಮಂಚ. ಅರವತ್ತು ರೂಪಾಯಿ ಬೇರೆ ಗಂಟು ಕಟ್ಟಿ ನನ್ನ ಅವ್ವನ ಕೈಗೆ ಕೊಟ್ಟೆ. ಇವೆಲ್ಲ ಮುಗಿದ ಮೇಲೆ ಮಿಕ್ಕರೆ ಪಡಸಾಲೆ.

ಅವ್ವ ಗಂಟು ಇಟ್ಟುಕೊಂಡಳು, ಕಿಟಕಿಗೆ ಮಾತ್ರ ಒಪ್ಪಲಿಲ್ಲ. “ಬಾಣಂತಿಗೆ ಗಾಳಿ ಬಡದ್ರ ಸನ್ನಿ ಆಗತೈತಿ. ನಾ ಐದು ಹಡದೇನಿ, ಎಲ್ಲಾ ಆ ಕತ್ತಲದಾಗನ” ಎಂದು ಕೆಲಸಕ್ಕೆ ಬೆನ್ನು ಮಾಡಿ ಕಟ್ಟೆಯ ಮೇಲೆ ಕುಳಿತಳು. ಬಡಿಗೇರರು ಅವಳ ಬಳಿ ಹೋಗಿ, “ಯವ್ವಾ, ಗಾಳಿ ಬ್ಯಾಡಂದ್ರ ಕಿಡಕಿ ಬಾಗಲಾ ಮುಚ್ಚರಿ. ಮ್ಯಾಲ ಗಾಜ ಕೂಡ್ರಸ್ತೀನಿ, ಬೆಳಕ ಅಷ್ಟ ಬರ್ತೈತಿ” ಎಂದರು. ಅವ್ವ ಕಟ್ಟೆ ಬಿಟ್ಟು ಏಳಲಿಲ್ಲ, ಕೆಲಸವನ್ನು ತಡೆಯಲೂ ಇಲ್ಲ.

ಗೋಡೆ ಒಡೆದ ಎರಡನೆಯ ದಿನ ಬಡಿಗೇರರು ನನ್ನನ್ನು ಒಳಗೆ ಕರೆದರು. ಮಾಳಿಗೆಯ ತೊಲೆಗೆ ಉಳಿಯಿಟ್ಟು ಮೆಲ್ಲಗೆ ಒತ್ತಿದರು. ಉಳಿ ಹಿಡಿಕೆಯವರೆಗೂ ಒಳಗೆ ಹೋಯಿತು. ಒಳಗೆಲ್ಲ ಗೆದ್ದಲು. ಮೇಲೆ ಒಂದು ಮೊಳದಷ್ಟು ಮಣ್ಣಿನ ಭಾರ, ಕೆಳಗೆ ಬಾಣಂತಿಯ ಹಾಸಿಗೆ ಹಾಕುವ ಜಾಗ. ಅವ್ವ ಎದ್ದು ಬಂದು ತೊಲೆಯನ್ನು ನೋಡಿದಳು, ನಡುಮನೆಗೆ ಹೋದಳು, ಗಂಟು ತಂದು ಬಡಿಗೇರರ ಮುಂದಿಟ್ಟಳು.

ಹೊಸ ತೊಲೆಗೆ ಆ ಗಂಟು ಹೋಯಿತು. ಕಬ್ಬಿಣದ ಸಾಮಾನಿನ ರೇಟು ಏರಿ, ಉಳಿದದ್ದನ್ನು ಅದು ನುಂಗಿತು. ಪಡಸಾಲೆ ಸೆಗಣಿ ಸಾರಿಸಿದ ನೆಲದಲ್ಲೇ ಉಳಿಯಿತು. ಸಾಲೆಯ ಸಾಹೇಬರು ಬಂದವರು ಚಾಪೆಯ ಮೇಲೆ ಕುಳಿತು ಜುಣಕ, ರೊಟ್ಟಿ ಉಂಡು, ಇನ್ನಷ್ಟು ಜುಣಕ ಹಾಕಿಸಿಕೊಂಡು ಹೋದರು. ಗೋಡೆಗಳ ಕಡೆ ಒಮ್ಮೆಯೂ ಕಣ್ಣೆತ್ತಲಿಲ್ಲ.

ಶಾಂತಾ ಹೆಣ್ಣುಮಗುವನ್ನು ಹಡೆದಳು. ಹತ್ತು ದಿನ ಕಳೆಯುವವರೆಗೆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಉಸಿರಾಡಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಒಳಗೆ ಹೋದೆ. ಅವ್ವ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕೆಳಗೆ ಕುಳಿತಿದ್ದಳು. ನಾನು ಬಂದದ್ದು ಗೊತ್ತಾದರೂ ತಲೆ ಎತ್ತಲಿಲ್ಲ.

“ಐದು ಹಡದೆ. ಎರಡು ಈ ಕ್ವಾಣ್ಯಾಗ ಹೋದುವು. ಅವುಗಳ ಮಾರಿ ದೀಪದಾಗ ನೋಡಿದ್ದ ಅಷ್ಟ. ಕೆಂಪ ಇದ್ವೋ, ಕರಿ ಇದ್ವೋ, ಇವತ್ತಿಗೂ ನನಗ ಗೊತ್ತಿಲ್ಲಪಾ.”

ಮರುದಿನದಿಂದ ಕಿಟಕಿಯ ಬಾಗಿಲನ್ನು ಬೆಳಿಗ್ಗೆ ಅವಳೇ ತೆಗೆಯತೊಡಗಿದಳು.

ಸಕ್ಕರೆ, ಬಾಳೆಹಣ್ಣು ಹಿಡಿದುಕೊಂಡು ನಾನು ಹುಕ್ಕೇರಿಗೆ ಹೋದೆ. ಅಂದು ಆಡಿದ ಮಾತಿಗೆ ತಪ್ಪೊಪ್ಪಿಕೊಳ್ಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ. ಬಡಿಗೇರರು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. “ಕೂಸು ಆರಾಮ ಐತೇನ್ರಿ? ಮಳಿಗೆ ಕಿಡಕಿ ಬಾಗಲಾ ಬಿಗಿ ಆಗಿಲ್ಲಲ್ಲ?” ಎಂದರು. ಜೋಡಿಸಿಕೊಂಡು ಹೋದ ಮಾತು ನನ್ನಲ್ಲೇ ಉಳಿಯಿತು. ಎರಡು ವರ್ಷಕ್ಕೆ ಅವರು ತೀರಿಕೊಂಡರು.

ಇಷ್ಟನ್ನು ನೆನೆಯುತ್ತ ನಿನ್ನೆ ಕುರ್ಚಿಯಲ್ಲಿ ಕುಳಿತಿದ್ದೆ. ಶಾಂತಾ ಎದುರಿಗೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೂಸುಗಳ ಮುಖವನ್ನು ಬೆಳಕಿನಲ್ಲಿ ಕಾಣದ ಅವ್ವನ ದುಃಖವನ್ನು ನಾನು ನೂರು ಸಲ ನೆನೆದಿದ್ದೇನೆ. ಈ ಮಾತನ್ನು ಇವಳನ್ನು ಒಂದು ಸಲವೂ ಕೇಳಿರಲಿಲ್ಲ.

“ನಮ್ಮ ಮೊದಲನೇ ಕೂಸಿನ ಮಾರಿ ನೀ ಬೆಳಕಿನ್ಯಾಗ ನೋಡಿದ್ದೇನ?” ಎಂದೆ.

ಅವಳ ಕೈ ನಿಲ್ಲಲಿಲ್ಲ. “ಒಂದ ಸಲ ನೋಡೇನ್ರಿ. ಹೊರಗ ಒಯ್ಯೂವಾಗ. ಅಂಗಳದಾಗ ಮಾರಿ ಮ್ಯಾಲ ಬಿಸಲ ಬಿತ್ತು. ಹಣಿ ನಿಮ್ಮ ಹಂಗ ಇತ್ತು.”

ಅಂದು ಕೂಸನ್ನು ಎತ್ತಿಕೊಂಡು ಅಂಗಳ ದಾಟಿದವನು ನಾನೇ. ನಾನು ಎದುರಿನ ದಾರಿಯನ್ನು ನೋಡುತ್ತ ನಡೆದಿದ್ದೆ. ಕೆಳಗೆ ನೋಡಿರಲಿಲ್ಲ.

ಕುರ್ಚಿಯಿಂದ ಎದ್ದು ಹೋಗಿ ಅವಳ ಬಳಿ ನೆಲದ ಮೇಲೆ ಕುಳಿತೆ. “ಮೂಗು?” ಎಂದು ಕೇಳಿದೆ.

ಅವಳು ಮೊರವನ್ನು ಪಕ್ಕಕ್ಕಿಟ್ಟು ಹೇಳತೊಡಗಿದಳು.